ಮೂರನೆಯ ಹಾಳೆ

ಜೂನ್ ೩

ಅತ್ತೆ,

ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ. ಇನ್ನು ಮೇಲೆ ನಾನು ನಿನಗೆ ಫೋನಿನಲ್ಲಿ ಏನೂ ಹೇಳುವುದಿಲ್ಲ, ನೀನೂ ಹೇಳಬೇಡ. ಬರೆಯೋಣ. ನಿನ್ನ ಹಾಗೆ ದುಂಡಗೆ ಬರೆಯಲು ಬರದಿದ್ದರೂ ಓದುವಷ್ಟಾದರೂ ಬರೆಯುತ್ತೇನೆ.

ಹೋದ ತಿಂಗಳು ನಮ್ಮ ರಿಪೇರಿ ಅಂಗಡಿಗೆ ಸರ್ಕಾರದ ಸುತ್ತೋಲೆ ಬಂತು. ರಿಪೇರಿಗೆ ಬರುವ ಪ್ರತಿ ಫೋನಿನಲ್ಲೂ 'ಕಾವಲು' ಅನ್ನುವ ಆ್ಯಪ್ ಇರಲೇಬೇಕಂತೆ. ಇಲ್ಲದಿದ್ದರೆ ನಾವೇ ಹಾಕಿಕೊಡಬೇಕು. ತಂದವರ ಹೆಸರು, ವಿಳಾಸ ದಫ್ತರದಲ್ಲಿ ಬರೆದಿಡಬೇಕು. ನೀನು ಎಲ್ಲಿದ್ದೀಯ, ಯಾರ ಜೊತೆ ಎಷ್ಟು ಹೊತ್ತು ಮಾತಾಡಿದೆ, ಎಲ್ಲ ಅದಕ್ಕೆ ಗೊತ್ತು. ಮೆಸೇಜಿಗೆ ನಾವು ಹಾಕಿಕೊಂಡ ಬೀಗವೂ ಲೆಕ್ಕಕ್ಕಿಲ್ಲ. ಬೀಗ ಬೀಳುವ ಮೊದಲೇ, ಬೆರಳು ಒತ್ತುವಾಗಲೇ ಅದು ಓದಿ ಮುಗಿಸಿರುತ್ತದೆ. ಕಳೆದುಹೋದ ಮಕ್ಕಳು ಸಿಗುತ್ತಾರೆ, ಹೆಂಗಸರಿಗೆ ಧೈರ್ಯ ಬರುತ್ತದೆ ಅಂತೆಲ್ಲ ಸುತ್ತೋಲೆಯಲ್ಲಿದೆ. ಹೊಲ ಮೇಯಲು ಎದ್ದ ಬೇಲಿ ಹೊಲಕ್ಕೆ ಹೇಳುವ ಮಾತು ಅದು.

ಅಪ್ಪನ ತಗಡಿನ ಪೆಟ್ಟಿಗೆ ತೆಗೆದು ಗಿರಣಿ ಸಂಘದ ಕರಪತ್ರಗಳನ್ನೆಲ್ಲ ಮತ್ತೆ ಓದಿದೆ. ಒಂದರಲ್ಲಿ ಅವನು ಪೆನ್ಸಿಲಿನಿಂದ ಗೆರೆ ಎಳೆದಿದ್ದಾನೆ: "ಕದ್ದು ಕೇಳುವವನಿಗೆ ಹೆದರಿ ಮಾತಾಡುವವನು ಅರ್ಧ ಮನುಷ್ಯ." ಯಾರೋ ಕದ್ದು ಕೇಳಿದ್ದರಿಂದಲ್ಲವೇ ಗಿರಣಿಯವರು ಅವನನ್ನು ಆಚೆಗೆ ಹಾಕಿದ್ದು? ಆ ಕಿವಿ ಯಾರದು ಅಂತ ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾದರೆ ಹಿಂಡಿಬಿಡುತ್ತೇನೆ.

ಈಗ ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಬೇರೆ ಯಾರಿಗೂ ಹೇಳಿಲ್ಲ. ಫೋನು ನನ್ನ ಕೈಗೆ ಬಂದಾಗ ಕಾವಲಿನ ಒಳಗಿರುವುದನ್ನೆಲ್ಲ ತೆಗೆದುಬಿಡುತ್ತೇನೆ. ಮೇಲಿನ ಚಿತ್ರ ಹಾಗೇ ಇರುತ್ತದೆ, ಒತ್ತಿದರೆ ಹಸಿರು ದೀಪವೂ ಬರುತ್ತದೆ. ಹೊಲದಲ್ಲಿ ನಿಲ್ಲಿಸುವ ಬೆದರುಬೊಂಬೆಯ ಹಾಗೆ ಬರೀ ಅಂಗಿ, ಒಳಗೆ ಮನುಷ್ಯನಿಲ್ಲ. ತಪಾಸಣೆಗೆ ಬಂದವರಿಗೆ ಗೊತ್ತಾಗದು. ಫೋನು ತಂದವರಿಗೂ ಗೊತ್ತಾಗದು. ಹೀಗೆ ಇಪ್ಪತ್ತೇಳು ಜನರನ್ನು ಬಿಡಿಸಿದ್ದೇನೆ. ಎದುರು ಸಾಲಿನ ಟೈಲರಮ್ಮ ಚಾರ್ಜು ಆಗುತ್ತಿಲ್ಲ ಅಂತ ಬಂದವಳು ನನ್ನ ತೋಳಿನ ಹರಕು ನೋಡಿ, "ಏನೇ ಇದು, ಕಾಗೆ ಕಚ್ಚಿತ್ತಾ?" ಅಂದು ನಿಂತಲ್ಲೇ ಹೊಲಿದುಕೊಟ್ಟಳು. ಅವಳ ಫೋನನ್ನು ತುಂಬ ಪ್ರೀತಿಯಿಂದ ಬಿಡಿಸಿದೆ.

ದಫ್ತರದಲ್ಲಿ ಬಾಯಿಗೆ ಬಂದ ಹೆಸರು ಬರೆಯುತ್ತೇನೆ. ನಿಜವಾದ ಪಟ್ಟಿ ಎಲ್ಲೂ ಇಲ್ಲ, ನನ್ನ ತಲೆಯಲ್ಲೂ ಇಲ್ಲ. ಇಲ್ಲದ ಪಟ್ಟಿಯನ್ನು ಯಾರು ಕಸಿದುಕೊಳ್ಳುತ್ತಾರೆ?

ನಿನ್ನ
ಪಟಾಕಿ

*

ಜೂನ್ ೧೦

(೧)

ಪಟಾಕಿ,

ನಿನ್ನ ಕಾಗದವನ್ನು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ನನ್ನ ಮೇಜಿನಲ್ಲೇ, ಹಲ್ಲು ಕೀಳಿಸಿಕೊಳ್ಳಲು ಕೂತವರ ಎದುರಿಗೆ ಓದಿದೆ. ನನ್ನ ಮುಖ ನೋಡಿಯೇ ಇಬ್ಬರು ಎದ್ದು ಹೋದರು. ಡಾಕ್ಟರು ನಾಳೆಯಿಂದ ಕಾಗದಗಳನ್ನು ಮನೆಯಲ್ಲೇ ಓದಿ ಅಂದಿದ್ದಾರೆ.

ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರಾಗಿ ಹೆಡ್‌ಫೋನು ಹಾಕಿಕೊಂಡು ಕೂತವಳಿಗೆ ಫೋನು ಬೇಡ ಅನ್ನುತ್ತೀಯ. ಆಗಲಿ. ಹಾಳೆಗೆ ನಂಬರು ಹಾಕಿದ್ದೇನೆ ಅಂತ ನಗಬೇಡ, ಅಲ್ಲಿನ ಅಭ್ಯಾಸ. ಆದರೆ ಒಂದು ತಿಳಿದುಕೊ. ಫೋನಿನೊಳಗೆ ಇಣುಕಲು ಓದಿದವರು ಬೇಕು. ಲಕೋಟೆ ಬಿಚ್ಚಲು ಕೆಟಲಿನ ಹಬೆ ಸಾಕು.

(೨)

ಬಿಡಿಸಿದೆ, ಬಿಡಿಸಿದೆ ಅಂತ ಬರೆದಿದ್ದೀಯ. ಅವರನ್ನು ಕೇಳಿದೆಯಾ? ಚಿಕ್ಕವಳಿದ್ದಾಗ "ಪಾಪ, ಗಡಿಯಾರಕ್ಕೂ ನಿದ್ದೆ ಬೇಕು" ಅಂತ ಅಲಾರಂನ ಗಂಟೆ ಕಿತ್ತು ಬಚ್ಚಿಟ್ಟಿದ್ದೆ. ಅವತ್ತು ನಾನು ಡ್ಯೂಟಿಗೆ ಹೋದದ್ದು ಎರಡು ತಾಸು ತಡವಾಗಿ.

ಅಪ್ಪನ ವಿಷಯ ಬರೆದಿದ್ದೀಯ. ಆ ಕಿವಿಯ ವಿಷಯ. ಅದರ ಬಗ್ಗೆ ನಿನಗೆ ಒಂದು ಮಾತು ಹೇಳಬೇಕು ಅಂತ ಎಷ್ಟೋ ವರ್ಷದಿಂದ

(೪)

ಅಷ್ಟೇ. ಇನ್ನೇನು ಬರೆಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆಸುಗೆ ಹಾಕುವಾಗ ಕಿಟಕಿ ತೆಗೆದಿಡು, ಆ ಹೊಗೆ ಒಳ್ಳೆಯದಲ್ಲ.

ಅತ್ತೆ

*

ಜೂನ್ ೧೭

ಅತ್ತೆ,

ನಾನು ಹೇಳಿರಲಿಲ್ಲವೇ! ನಿನ್ನ ಲಕೋಟೆಯನ್ನು ಒಡೆದಿದ್ದಾರೆ. ಒಡೆದು ಮತ್ತೆ ಅಂಟಿಸಿದ್ದಾರೆ. ಅಂಟು ಎರಡು ಬಣ್ಣ ಇದೆ, ಒಂದು ಹಳದಿ, ಒಂದು ಬಿಳಿ. ಎರಡನೆಯ ಹಾಳೆ ಆದಮೇಲೆ ನಾಲ್ಕನೆಯದು. ಮೂರನೆಯ ಹಾಳೆ ಕದ್ದಿದ್ದಾರೆ. ಅದರಲ್ಲೂ ಅಪ್ಪನ ವಿಷಯ ಶುರುವಾದ ಜಾಗದಲ್ಲೇ! ಇಷ್ಟು ವರ್ಷವಾದರೂ ಅವನ ಹೆಸರಿಗೆ ಹೆದರುತ್ತಾರೆ ಅಂದರೆ ನೋಡು.

ಅಂಚೆಯಣ್ಣನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದೆ.

"ಅಮ್ಮಾ ತಾಯಿ," ಅಂದ, "ದಿನಕ್ಕೆ ಮುನ್ನೂರು ಮನೆ ಹತ್ತಿ ಇಳೀತೀನಿ. ನಿಮ್ಮತ್ತೆ ಮಂಡಿನೋವಿನ ಸಮಾಚಾರ ಓದ್ಕೊಂಡು ಕೂತ್ಕೊಳ್ಳೋಕೆ ನಂಗೇನು ಬೇರೆ ಕಸುಬಿಲ್ವಾ?"

"ಮಂಡಿನೋವು ಅಂತ ನಿಮಗೆ ಹೇಗೆ ಗೊತ್ತು?"

"ಯಾರ ಅತ್ತೆಗೆ ಇಲ್ಲ ಹೇಳಿ!"

ಸುತ್ತ ನಿಂತವರೆಲ್ಲ ನಕ್ಕರು. ನಗಲಿ. ಪಂಜರದಲ್ಲಿದ್ದವರಿಗೆ ಸರಳು ಕಾಣುವುದಿಲ್ಲ. ಇನ್ನು ಮೇಲೆ ಯಾರ ವಿಷಯವನ್ನೂ ನೇರವಾಗಿ ಬರೆಯುವುದಿಲ್ಲ, ನೀನೇ ಅರ್ಥ ಮಾಡಿಕೊ. ಒಂದನ್ನು ಮಾತ್ರ ಧೈರ್ಯವಾಗಿ ಬರೆಯುತ್ತೇನೆ, ಓದುವವರು ಓದಿಕೊಳ್ಳಲಿ: ನಲವತ್ತೊಂದು!

ಆ ಹಾಳೆಯಲ್ಲಿ ಏನಿತ್ತು?

ಪಟಾಕಿ

*

ಜೂನ್ ೨೩

ಪಟಾಕಿ, ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಒಡೆಯುವ ತೊಂದರೆ ಯಾರಿಗೂ ಬೇಡ. ಆ ಹಾಳೆಯಲ್ಲಿ ಸರ್ಕಾರ ಕದಿಯುವಂಥದ್ದೇನೂ ಇರಲಿಲ್ಲ. ಅಂಚೆಯವನ ಹತ್ತಿರ ತಪ್ಪಾಯಿತು ಅನ್ನು. ಮಂಡಿನೋವು ಇರುವುದು ನಿಜ. — ಅತ್ತೆ

*

ಜುಲೈ ೧೧

ಅತ್ತೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಹೆಸರು ಹೇಳುವುದಿಲ್ಲ. ನನ್ನ ತೋಳಿನ ಹರಕು ಹೊಲಿದುಕೊಟ್ಟವರು ಒಬ್ಬರಿದ್ದಾರಲ್ಲ, ಅವರ ವಿಷಯ. ಅವರು ಒಬ್ಬರನ್ನು ನಂಬಿದ್ದರು. ಆ ಒಬ್ಬರು ಅವರಿಗೆ ಗೊತ್ತಾಗದ ಹಾಗೆ ಒಂದು ಕೆಲಸ ಮಾಡಿದರು. ಕೆಟ್ಟದ್ದಕ್ಕಲ್ಲ, ಸರಿ ಅಂತಲೇ ಮಾಡಿದರು. ಅದರಿಂದ ಹರಕು ಹೊಲಿದವರ ದುಡಿಯುವ ಕೈಯೇ ಹೋಯಿತು. ಅವರಿಗೆ ಇವತ್ತಿಗೂ ಗೊತ್ತಿಲ್ಲ, ಮಾಡಿದವರನ್ನೇ ನಂಬುತ್ತಾರೆ, ಎದುರಿಗೆ ಬಂದು ನಗುತ್ತಾರೆ.

ಮಾಡಿದವರು ಬಾಯಿ ಬಿಡಬೇಕೇ, ಬಿಡಬಾರದೇ? ಕರಪತ್ರಗಳಲ್ಲಿ ಹುಡುಕಿದೆ. ಎಲ್ಲದರಲ್ಲೂ ತಪ್ಪು ಮಾಡುವವರು 'ಅವರು'. ತಪ್ಪು ಮಾಡಿದವರು 'ನಾವು' ಆದರೆ ಏನು ಮಾಡಬೇಕು ಅಂತ ಒಂದರಲ್ಲೂ ಇಲ್ಲ.

ಇದಕ್ಕೆ ಉತ್ತರ ಗೊತ್ತಿರುವುದು ನಿನಗೊಬ್ಬಳಿಗೇ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನೇರವಾಗಿ ಹೇಳು.

*

ಜುಲೈ ೧೮

ಪಟಾಕಿ,

ಓದಿದ ತಕ್ಷಣ ಗೊತ್ತಾಯಿತು. ಸತ್ತವನನ್ನು 'ಇದ್ದಾರೆ' ಅಂತ ಮರೆಸಿ ಬರೆದಿದ್ದೀಯ. ಅಮ್ಮನಿಲ್ಲದ ನಿನ್ನ ಸ್ಕೂಲಿನ ಅಂಗಿಯ ತೋಳು ಹೊಲಿಯುತ್ತಿದ್ದವನು ನನ್ನ ತಮ್ಮ. ನನಗೆ ಸೂಜಿಗೆ ದಾರ ಪೋಣಿಸಲೂ ಬರದು. ನಿನಗೆ ಯಾರು ಹೇಳಿದರು ಅಂತ ಕೇಳುವುದಿಲ್ಲ. ಬಾಯಿ ಬಿಡಬೇಕೇ ಅಂತ ಕೇಳಿದ್ದೀಯ. ಬಿಡುತ್ತಿದ್ದೇನೆ.

ಲಕೋಟೆ ಒಡೆದದ್ದು ನಾನೇ. ಅಂಟಿಸಿ, ಅಂಚೆ ಡಬ್ಬಿಯವರೆಗೆ ಹೋಗಿ, ವಾಪಸು ಬಂದು ಹಬೆಗೆ ಹಿಡಿದು ಮೂರನೆಯ ಹಾಳೆ ತೆಗೆದೆ. ಕ್ಲಿನಿಕ್ಕಿನ ಬಿಳಿ ಅಂಟು ಹಾಕಿದೆ. ಬಣ್ಣ ನೋಡುತ್ತೀಯ ಅಂತ ಹೊಳೆಯಲಿಲ್ಲ. ಅಪ್ಪನ ಮಗಳು.

ಎಕ್ಸ್‌ಚೇಂಜಿನಲ್ಲಿ ಒಂದು ಹಸಿರು ಪುಸ್ತಕ ಇತ್ತು. ಕೆಲವು ನಂಬರುಗಳನ್ನು ಮೇಲಿನವರು ಕೊಟ್ಟಿರುತ್ತಿದ್ದರು. ಆ ನಂಬರಿನಿಂದ ಕರೆ ಬಂದರೆ ಯಾರಿಗೆ ಹೋಯಿತು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಅಷ್ಟು ಬರೆಯಬೇಕು. ಮಾತು ಬರೆಯುವ ಹಾಗಿಲ್ಲ. ನನ್ನ ಅಕ್ಷರ ದುಂಡಗಿದೆ ಅಂತ ಆ ಪುಸ್ತಕ ನನ್ನ ಕೈಗೆ ಬಂತು. ಹೆಮ್ಮೆಪಟ್ಟುಕೊಂಡೆ. ನೀನು ಹುಟ್ಟುವ ಹಿಂದಿನ ವರ್ಷ ಗಿರಣಿ ಸಂಘದ ಕೋಣೆಯ ನಂಬರು ಪಟ್ಟಿಗೆ ಸೇರಿತು. ಪ್ರತಿ ಗುರುವಾರ ಸಂಜೆ ಅಲ್ಲಿಂದ ಕರಪತ್ರ ಮುದ್ರಿಸುವ ಒಂದು ಅಚ್ಚಿನ ಮನೆಗೆ ಕರೆ ಹೋಗುತ್ತಿತ್ತು. ಮಾಡುತ್ತಿದ್ದವನು ನಿನ್ನ ಅಪ್ಪ. ನಾನು ಬರೆದೆ. ಗುರುವಾರ, ಆರು ಗಂಟೆ, ಹನ್ನೊಂದು ನಿಮಿಷ. ಬರೀ ಅಂಕಿ, ಅಂಕಿಯಿಂದ ಯಾರಿಗೆ ಏನಾಗುತ್ತದೆ ಅಂದುಕೊಂಡೆ. ಬಿಟ್ಟರೆ ಕೆಲಸ ಹೋಗುತ್ತಿತ್ತು ಅಂತಲೂ ಅಂದುಕೊಂಡೆ. ಹನ್ನೊಂದು ಜನರನ್ನು ಗಿರಣಿಯಿಂದ ತೆಗೆದರು. ಮೊದಲ ಹೆಸರು ಅವನದು.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಕರೆ ಸೇರುವ ಮೊದಲು ಅವನು ಒಮ್ಮೊಮ್ಮೆ ಖಾಲಿ ಲೈನಿನಲ್ಲಿ, "ಅಕ್ಕಾ, ಊಟ ಆಯ್ತಾ?" ಅನ್ನುತ್ತಿದ್ದ. ನಾನಿದ್ದೇನೆ ಅಂತ ಗೊತ್ತಿದ್ದೇ ಅಂದನೋ, ಎಕ್ಸ್‌ಚೇಂಜಿನವರಿಗೆಲ್ಲ ಹಾಗೆ ತಮಾಷೆ ಮಾಡುತ್ತಿದ್ದನೋ. ಬರೆಯುತ್ತಿದ್ದೇನೆ ಅಂತ ಗೊತ್ತಿದ್ದೂ ಅಂದನೋ. ನಾನು ಉತ್ತರ ಕೊಡಲಿಲ್ಲ. ಮಾತಾಡುವ ಹಾಗಿರಲಿಲ್ಲ.

ಆಮೇಲೆ ಅವನು ರೇಡಿಯೋ ರಿಪೇರಿ ಕಲಿತ. ನಿನಗೂ ಕಲಿಸಿದ.

ಅತ್ತೆ

*

ಆಗಸ್ಟ್ ೨೨

ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿದೆ. ತಲುಪಿ ತಿಂಗಳ ಮೇಲಾಯಿತು.

ನಾನು ಕೇಳಿದ್ದು ಅಪ್ಪನ ವಿಷಯವಲ್ಲ. ನನಗೆ ಯಾರೂ ಏನೂ ಹೇಳಿರಲಿಲ್ಲ. ನನ್ನ ತೋಳು ಹೊಲಿದದ್ದು ಟೈಲರಮ್ಮ, ಜೂನ್ ಮೂರರ ಕಾಗದದಲ್ಲೇ ಬರೆದಿದ್ದೆ. ನೀವು ಮರೆತಿರಿ. ನಾನು ನನ್ನ ವಿಷಯ ಕೇಳಿದೆ.

ನೇರವಾಗಿಯೇ ಬರೆಯುತ್ತೇನೆ, ಈಗ ಓದುವವರು ಯಾರೂ ಇಲ್ಲ ಅಂತ ಗೊತ್ತಾಯಿತಲ್ಲ. ಟೈಲರಮ್ಮ ಗಂಡನನ್ನು ಬಿಟ್ಟವಳು. ಅವನು ಅವಳ ಹತ್ತಿರ ಸುಳಿಯಬಾರದು ಅಂತ ಕೋರ್ಟಿನ ಆಜ್ಞೆಯಿತ್ತು. ಅವನ ಫೋನು ಅರ್ಧ ಕಿಲೋಮೀಟರಿನೊಳಗೆ ಬಂದರೆ ಅವಳ ಫೋನಿನಲ್ಲಿ ಕಾವಲು ಕೂಗಿಕೊಳ್ಳುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಸುತ್ತೋಲೆಯಲ್ಲಿ ಇತ್ತು, ನಾನು ಎರಡನೆಯ ಪುಟ ಓದಿರಲಿಲ್ಲ. ಜುಲೈ ಆರನೇ ತಾರೀಕು ಮಧ್ಯಾಹ್ನ ಅವನು ಬಂದ. ಅವಳ ಕೈಯಲ್ಲಿದ್ದ ಕತ್ತರಿಯನ್ನೇ ಕಿತ್ತುಕೊಂಡ. ಪಕ್ಕದ ಅಂಗಡಿಯವರು ಓಡಿ ಬಂದು ಹಿಡಿದರು. ಬಲಗೈಯ ಎರಡು ಬೆರಳಿನ ನರ ಕತ್ತರಿಸಿದೆ.

ಮೂರನೆಯ ದಿನ ಕೈಗೆ ಕಟ್ಟು ಕಟ್ಟಿಕೊಂಡು ನನ್ನ ಹತ್ತಿರವೇ ಬಂದಳು. "ಇದು ಕೂಗಲೇ ಇಲ್ಲ ಕಣೇ. ಹಸಿರು ದೀಪ ಮಾತ್ರ ಉರೀತಿತ್ತು. ಸ್ವಲ್ಪ ನೋಡು, ನೀನು ಮುಟ್ಟಿದ್ರೆ ಸರಿಹೋಗುತ್ತೆ."

"ಬ್ಯಾಟರಿ ಹೋಗಿದೆ" ಅಂದೆ.

ಬ್ಯಾಟರಿ ಬದಲಿಸುವ ನೆಪದಲ್ಲಿ ಕಾವಲನ್ನು ಮತ್ತೆ ಒಳಗೆ ಹಾಕಿದೆ. ಅದನ್ನೂ ಕೇಳದೆಯೇ.

ಅಪ್ಪನ ಪೆಟ್ಟಿಗೆಯನ್ನು ಮಂಚದ ಕೆಳಗೆ ನೂಕಿದ್ದೇನೆ. ನಿಮ್ಮ ಮೇಲೆ ಬಹಳ ಕೋಪ ಬರೆಯಬೇಕು ಅಂತ ಕೂತಿದ್ದೆ. ಬರೆಯಲು ಶುರು ಮಾಡಿದರೆ ಪ್ರತಿ ವಾಕ್ಯವೂ ನನ್ನ ಕಡೆಗೇ ತಿರುಗುತ್ತದೆ. ಅದಕ್ಕೂ ನಿಮ್ಮ ಮೇಲೆ ಕೋಪ.

ಇಂತಿ

*

ಆಗಸ್ಟ್ ೨೯

ಪಟಾಕಿ,

'ನೀವು' ಅಂತ ಬರೆದಿದ್ದೀಯ. ಹಲ್ಲಿನ ಡಾಕ್ಟರು ನನ್ನನ್ನು ಕೂಗುವ ಹಾಗೆ ಕೇಳಿಸಿತು. ಇರಲಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಆದದ್ದು ಆಯಿತು. ಈಗ ಹೇಳದಿದ್ದರೆ ಎಂದೂ ಹೇಳುತ್ತಿರಲಿಲ್ಲ.

ನನ್ನನ್ನು ಸರಿ ಅನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅದೇ ವರ್ಷ, ಅದೇ ಹೆಡ್‌ಫೋನಿನಲ್ಲಿ, ಕೇಳಬಾರದ ಒಂದು ಲೈನನ್ನು ಬೇಸರಕ್ಕೆ ಕೇಳುತ್ತಾ ಕೂತಿದ್ದೆ. ಮೇಲಿನವರು ಹೇಳಿದ್ದಲ್ಲ, ನನ್ನದೇ ಕೆಟ್ಟ ಚಟ. ಒಬ್ಬಳು ಅಕ್ಕನ ಜೊತೆ ಮಾತಾಡುತ್ತಿದ್ದಳು. ಮಧ್ಯದಲ್ಲಿ ಕಿರುಚಿದಳು, ಲೈನು ಸತ್ತಿತು. ನಂಬರು ಹುಡುಕಿ ಅವಳ ಮನೆಗೆ ಜನ ಕಳಿಸಿದೆ. ಬದುಕಿದಳು. ನಿಯಮ ಮುರಿದು ಕೇಳಿದ್ದರಿಂದ ಒಬ್ಬಳು ಉಳಿದಳು. ನಿಯಮದ ಪ್ರಕಾರ ಬರೆದದ್ದರಿಂದ ನನ್ನ ತಮ್ಮನ ಕೆಲಸ ಹೋಯಿತು. ಇದನ್ನು ಇಟ್ಟುಕೊಂಡು ಏನು ತಿಳಿಯಬೇಕು ನಾನು? ಇಪ್ಪತ್ತೈದು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದಾಳೆ ಅನ್ನಬೇಡ. ದೀಪ ಯಾವ ಕಡೆ ಇಡಬೇಕು ಅಂತ ನನಗೆ ನಿಜವಾಗಿ ಗೊತ್ತಿಲ್ಲ.

ಗೊತ್ತಿರುವುದು ಒಂದೇ. ನಾನು ಹೇಳುವ ಹೊತ್ತಿಗೆ ಅವನು ಇರಲಿಲ್ಲ. ನಿನ್ನ ಟೈಲರಮ್ಮ ಎದುರು ಸಾಲಿನಲ್ಲೇ ಇದ್ದಾಳೆ.

ಅತ್ತೆ

*

ಸೆಪ್ಟೆಂಬರ್ ೧೦

ಅತ್ತೆ,

ಹೇಳಿದೆ. ಅವಳು ಎಡಗೈಯಲ್ಲಿ ಗುಂಡಿ ಹೊಲಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ನಾನು ಎಲ್ಲ ಹೇಳಿ ಮುಗಿಸುವವರೆಗೆ ಸೂಜಿ ನಿಲ್ಲಲಿಲ್ಲ. ಆಮೇಲೆ ಹಲ್ಲಿನಲ್ಲಿ ದಾರ ಕಡಿದಳು.

"ಯಾಕೆ ತೆಗೆದೆ?"

"ಅದು ನಿನ್ನನ್ನೂ ನೋಡುತ್ತೆ ಟೈಲರಮ್ಮ. ಎಲ್ಲಿಗೆ ಹೋದೆ, ಯಾರ ಜೊತೆ ಮಾತಾಡಿದೆ, ಎಲ್ಲಾ."

"ನಂಗೊತ್ತಿಲ್ವಾ? ಹನ್ನೊಂದು ವರ್ಷ ಅವನೂ ನೋಡ್ತಿದ್ದ. ನನ್ನ ಫೋನು ಅವನ ಜೇಬಲ್ಲಿರ್ತಿತ್ತು. ನೋಡಿಸ್ಕೊಳ್ಳೋದು ಅಂದ್ರೇನು ಅಂತ ನೀನು ನಂಗೆ ಪಾಠ ಹೇಳ್ತೀಯ?"



"ಹಾಗಾದರೆ ಅದು ಇರಲಿ ಅಂತೀಯಾ?" ಅಂದೆ.

"ಇರಲಿ ಅಂತ ಎಲ್ಲಿ ಅಂದೆ? ಬೆಳಿಗ್ಗೆ ಎದ್ದು ಅದರ ಮುಖ ನೋಡಿದ್ರೆ ನಂಗೂ ಮೈ ಉರಿಯುತ್ತೆ. ಅವನನ್ನು ಮಾತ್ರ ನೋಡ್ಬೇಕು, ನನ್ನನ್ನು ನೋಡ್ಬಾರದು. ಹಾಗೆ ಮಾಡಿಕೊಡೋಕಾಗುತ್ತಾ?"

"ಆಗಲ್ಲ."

"ಅವರಿಗೂ ಆಗಲ್ಲ, ನಿನಗೂ ಆಗಲ್ಲ. ಮತ್ತೆ ಇಬ್ರೂ ಯಾಕೆ ನನ್ನ ಫೋನಿಗೆ ಕೈ ಹಾಕಿದ್ರಿ?" ಅಂದಳು. ಆಮೇಲೆ ಹೊಲಿದ ಗುಂಡಿಯನ್ನು ಎಳೆದು ನೋಡಿ, "ಹೋಗು ಈಗ. ಬೇಕೋ ಬೇಡ್ವೋ ನಾನು ಯೋಚಿಸ್ತೀನಿ. ನಾನು ಹೇಳೋವರೆಗೆ ಮುಟ್ಟಬೇಡ. ನನ್ನನ್ನೂ ಮಾತಾಡಿಸಬೇಡ."

ಅವಳು ಕಿರುಚಿದ್ದರೆ ಚೆನ್ನಾಗಿತ್ತು.

ಕಾವಲು ಸರಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ, ಅತ್ತೆ. ಒಂದು ಕೂದಲಿನಷ್ಟೂ ಅನ್ನಿಸುವುದಿಲ್ಲ. ಆದರೆ ನಾನು ಸರಿ ಅಂತಲೂ ಅನ್ನಿಸುತ್ತಿಲ್ಲ. ಎರಡೂ ಒಟ್ಟಿಗೆ ತಲೆಯಲ್ಲಿ ಕೂತು ಒಂದನ್ನೊಂದು ಮಲಗಲು ಬಿಡುತ್ತಿಲ್ಲ.

ಈಗ ನಿಜವಾದ ಕಷ್ಟ ಕೇಳು. ನಲವತ್ತೊಂದಕ್ಕೇ ನಿಲ್ಲಿಸಿದ್ದೆ, ಅವರಲ್ಲಿ ಅವಳು ಒಬ್ಬಳು. ಇನ್ನೂ ನಲವತ್ತು ಜನರ ಜೇಬಿನಲ್ಲಿ ಬೆದರುಬೊಂಬೆ ಹಸಿರು ದೀಪ ಉರಿಸುತ್ತಾ ಕೂತಿದೆ. ಅವರಲ್ಲಿ ಇನ್ನೊಬ್ಬಳು ಇಂಥವಳು ಇದ್ದರೆ? ಹುಡುಕೋಣ ಅಂದರೆ ಪಟ್ಟಿಯಿಲ್ಲ. ದಫ್ತರದಲ್ಲಿರುವುದೆಲ್ಲ ನಾನು ಹುಟ್ಟಿಸಿದ ಹೆಸರುಗಳು. ಅಷ್ಟು ಹೆಮ್ಮೆಯಿಂದ ಇಡದೆ ಹೋದ ಪಟ್ಟಿ!

ಉಳಿದಿರುವುದು ಒಂದೇ ದಾರಿ. ಕರಪತ್ರ. ಓದಿದ್ದೆಲ್ಲ ಬೇರೆಯವರು ಬರೆದದ್ದು, ಇದೊಂದು ನಾನೇ ಬರೆದದ್ದು:

"ಮೇ, ಜೂನ್ ತಿಂಗಳಲ್ಲಿ ಮೂಲೆಯ ರಿಪೇರಿ ಅಂಗಡಿಗೆ ಫೋನು ಕೊಟ್ಟವರು ಓದಿರಿ. ನಿಮ್ಮ ಫೋನಿನ 'ಕಾವಲು' ಕೆಲಸ ಮಾಡುತ್ತಿಲ್ಲ. ಹಸಿರು ದೀಪ ಸುಳ್ಳು. ನಿಮ್ಮನ್ನು ಕೇಳದೆ ಅದನ್ನು ತೆಗೆದವಳು ನಾನು. ಅದು ನಿಮ್ಮನ್ನು ಏನೇನು ನೋಡುತ್ತದೆ, ಯಾವುದರಿಂದ ಕಾಪಾಡುತ್ತದೆ, ಎರಡನ್ನೂ ಕೂತು ಹೇಳುತ್ತೇನೆ. ಬೇಕೆಂದರೆ ಮತ್ತೆ ಹಾಕಿಕೊಡುತ್ತೇನೆ, ಬೇಡವೆಂದರೆ ಬಿಡುತ್ತೇನೆ. ಹೇಳುವವರು ನೀವು."

ಕೆಳಗೆ ನನ್ನ ಪೂರ್ತಿ ಹೆಸರು. ತಪಾಸಣೆಯವರೂ ಓದುತ್ತಾರೆ, ಗೊತ್ತು. ಸುತ್ತೋಲೆಯ ಕೊನೆಯಲ್ಲಿ ಶಿಕ್ಷೆ ಎಷ್ಟು ಅಂತ ಬರೆದಿದೆ, ಈ ಸಲ ಪೂರ್ತಿ ಓದಿದೆ. ಅಂಗಡಿಯ ಯಜಮಾನರಿಗೆ ತೋರಿಸಿದೆ. ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ, "ಅಂಗಡಿ ಬಾಗಿಲಿಗೆ ಬೇಡ ತಾಯಿ, ಬೀದಿ ಕಂಬಗಳಿಗೆ ಅಂಟಿಸು. ನಾನು ನೋಡಿಲ್ಲ" ಅಂದರು.

ನನ್ನ ಅಕ್ಷರ ನಿನಗೆ ಗೊತ್ತಲ್ಲ, ಕೋಳಿ ಕೆದರಿದ ಹಾಗೆ. ಅಚ್ಚಿಗೆ ಕೊಟ್ಟರೆ ಅಚ್ಚಿನ ಮನೆಯವರನ್ನೂ ಸಿಕ್ಕಿಸಿದ ಹಾಗೆ. ಅಪ್ಪನ ವಿಷಯದಲ್ಲಿ ಆದದ್ದು ಸಾಕು.

ನಿನ್ನ ಮೇಲಿನ ಕೋಪ ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಅದು ಅದರ ಪಾಡಿಗೆ ಇರಲಿ. ನಿನ್ನ ಅಕ್ಷರ ದುಂಡಗಿದೆ. ನಲವತ್ತು ಪ್ರತಿ ಬರೆದುಕೊಡುತ್ತೀಯಾ?

ಪಟಾಕಿ

ತಾ.ಕ.: ಅಂಚೆಯಣ್ಣನ ಹತ್ತಿರ ತಪ್ಪಾಯಿತು ಅಂದೆ. "ನಿಮ್ಮತ್ತೆ ಮಂಡಿ ಹೇಗಿದೆ?" ಅಂದ.

*

ಸೆಪ್ಟೆಂಬರ್ ೧೭

ಪಟಾಕಿ,

ನಲವತ್ತು ಇವೆ, ಎಣಿಸಿಕೊ. ಹಸಿರು ಪುಸ್ತಕಕ್ಕೆ ಬರೆದ ಅ‍ಕ್ಷರವೇ. ಬೇರೆ ಅಕ್ಷರ ನನಗೆ ಬರದು. ಇಪ್ಪತ್ತನೆಯ ಪ್ರತಿಯ ಆಮೇಲೆ ಒಂದೆರಡು ಸಾಲು ಓರೆಯಾಗಿವೆ. ಕಂಬಗಳಿಗೆ ಅಂಟಿಸುವಾಗ ನೀನು ಒಬ್ಬಳೇ ನಿಲ್ಲಬೇಡ. ಭಾನುವಾರ ಕ್ಲಿನಿಕ್ಕಿಗೆ ರಜೆ, ಬೆಳಗಿನ ಬಸ್ಸಿಗೆ ಬರುತ್ತೇನೆ. ಯಾರಾದರೂ ಇದು ಯಾರ ಅಕ್ಷರ ಅಂತ ಕೇಳಿದರೆ ನಾನೇ ಹೇಳುತ್ತೇನೆ.

ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದು ಜೂನ್ ತಿಂಗಳ ಮೂರನೆಯ ಹಾಳೆಯನ್ನೂ ಒಳಗೆ ಇಟ್ಟಿದ್ದೇನೆ. ಅಂಟು ಎರಡು ಬಣ್ಣ ಕಾಣುತ್ತದೆ. ಅಂಚೆಯವನ ಮೇಲೆ ಹೋಗಬೇಡ.

ಊಟ ಆಯ್ತಾ?

ಅತ್ತೆ